ಮಾರಿ ತಿರುವಿದ ಹೆಣಿಗೆ

ಬಲಗಾಲಿನ ಚಪ್ಪಲಿಯ ತೊಗಲೆಳೆಯ ಹೆಣಿಗೆಯನ್ನು ಸಕ್ಕುಬಾಯಿ ಬೇಕಂತಲೇ ತಪ್ಪು ಹಾಕಿದಳು. ಎಡಗಾಲಿನದು ಬಲಕ್ಕೆ ಹೊರಳಬೇಕು, ಬಲಗಾಲಿನದು ಎಡಕ್ಕೆ. ಜೋಡಿಸಿ ಇಟ್ಟರೆ ಎರಡೂ ಒಂದರ ಮುಖ ಒಂದು ನೋಡುತ್ತ ಕೂತಂತೆ ಕಾಣಬೇಕು. ಅದು ಆ ಮನೆಯ ರೀತಿ, ಅತ್ತೆ ಸುಂದ್ರವ್ವ ಕೈಹಿಡಿದು ಕಲಿಸಿದ್ದು. ಈ ಸಲ ಎರಡನ್ನೂ ಬಲಕ್ಕೇ ಹೊರಳಿಸಿದಳು. ಇಪ್ಪತ್ತೆರಡು ವರ್ಷದ ರೂಢಿ, ಬೆರಳುಗಳು ಮಾತು ಕೇಳದೆ ಎಡಕ್ಕೇ ಹೋಗಲು ನೋಡಿದವು. ಆದರೂ ಬಿಡಲಿಲ್ಲ.

"ತೋರಸ್ಕೊ ಈಗ ನಿನ್ನ ಸರ್‌ಗ," ಎಂದು ಬಾಯೊಳಗೇ ಅಂದುಕೊಂಡಳು.

ಸರ್ ಇದ್ದದ್ದು ಉಜ್ವಲಾಳ ಮೊಬೈಲಿನೊಳಗೆ. ಉಜ್ವಲಾ ಅವಳ ನೆಗೆಣ್ಣಿ, ಮೈದುನ ಕುನಾಲನ ಹೆಂಡತಿ. ನಿಪ್ಪಾಣಿಯಿಂದ ಅಥಣಿಯ ಈ ಮನೆಗೆ ಬಂದು ಮೂರು ವರ್ಷವಾಗಿತ್ತು. ಬಂದ ಹೊಸದರಲ್ಲಿ ಹೆಣೆಯಲು ಕೂತಳು, ಬೆರಳು ಚುಚ್ಚಿಕೊಂಡಳು, ಎದ್ದಳು. ಯಾವುದು ಯಾವ ಕಡೆ ಹೊರಳಬೇಕೆಂಬುದೂ ತಲೆಗೆ ಹೋಗಿರಲಿಲ್ಲ. ಈಗ ಅವಳದು ದೂರಶಿಕ್ಷಣದಲ್ಲಿ ಸಣ್ಣ ಉದ್ಯಮ ನಿರ್ವಹಣೆಯ ಕೋರ್ಸು, ಪಾಠವೆಲ್ಲ ಮೊಬೈಲಿನಲ್ಲೇ. ವಾರಕ್ಕೆ ಮೂರು ಮಧ್ಯಾಹ್ನ ಮನೆಯಲ್ಲಿ ಯಾರೂ ಮಿಕ್ಸರ್ ಹಚ್ಚುವಂತಿಲ್ಲ, ಚಪ್ಪಲಿಯ ಅಟ್ಟೆ ಬಡಿಯುವಂತಿಲ್ಲ. ಸಕ್ಕುಬಾಯಿಯ ಗಂಡ ರಾಜಾರಾಮ ಕೂಡ ಸುತ್ತಿಗೆ ಕೆಳಗಿಟ್ಟು ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತ ಕೂಡುತ್ತಿದ್ದ. ಸಕ್ಕುಬಾಯಿ ಜ್ವರದಲ್ಲಿ ಮಲಗಿದ್ದಾಗಲೂ ನಿಲ್ಲದ ಸುತ್ತಿಗೆ ಅದು. ಓಣಿಯವರು ಚೇಷ್ಟೆಗೆಂದು "ಮೇಡಂ" ಅನ್ನಲು ಶುರುಮಾಡಿ, ಈಗ ಖರೇನೇ ಮೇಡಂ ಅನ್ನುತ್ತಿದ್ದರು. ಸಕ್ಕುಬಾಯಿಗೆ ಹೊಟ್ಟೆ ಉರಿಯುತ್ತಿತ್ತು. ಉರಿಯುತ್ತಿದೆಯೆಂದು ತನಗೇ ಗೊತ್ತಿದ್ದದ್ದು ಇನ್ನಷ್ಟು ಉರಿಸುತ್ತಿತ್ತು.

ಆದರೆ ಹದಿನೈದು ದಿನದ ಹಿಂದೆ ಆದದ್ದೇ ಬೇರೆ. "ಅಕ್ಕಾ, ನೀವು ಹೆಣಿಯೂದ ವಿಡಿಯೋ ಮಾಡ್ಲಿ? ಕ್ಲಾಸಿಗೆ ಕಳಸಬೇಕ್ರಿ," ಎಂದು ಉಜ್ವಲಾ ಬಂದಿದ್ದಳು. ಸಕ್ಕುಬಾಯಿ ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಕೂತಳು. ವಿಡಿಯೋದಲ್ಲಿ ಬಂದದ್ದು ಎರಡು ಕೈ ಮಾತ್ರ. ಮರುದಿನ ಸರ್ ಅದನ್ನು ಎಲ್ಲರಿಗೂ ತೋರಿಸಿ, "ನೋಡಿ, ಉಜ್ವಲಾ ಅವರ ಕೈಯಲ್ಲಿ ಎಂಥ ಕೌಶಲ!" ಎಂದದ್ದು ಒಲೆಯ ಮುಂದಿದ್ದ ಸಕ್ಕುಬಾಯಿಗೆ ಚೆನ್ನಾಗಿ ಕೇಳಿಸಿತು. ಉಜ್ವಲಾ ತುಟಿ ಪಿಟಕ್ಕೆನ್ನಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದಿತು. ತನ್ನ ಬಲ ಹೆಬ್ಬೆರಳಿನ ಹಳೆಯ ಗಾಯದ ಗುರುತು ವಿಡಿಯೋದಲ್ಲೂ ಕಂಡಿತ್ತು. ಅದೂ ಈಗ ಅವಳದೇ ಆಯಿತೇ?

ಆಮೇಲೆ ಕಡೆಯ ಪರೀಕ್ಷೆ ಬಂತು. ಮನೆಯ ಉದ್ಯಮದ ಯೋಜನೆ ವಿವರಿಸಿ, ಮಾಡಿದ ಸರಕನ್ನು ಮೊಬೈಲಿನ ಮುಂದೆ ತೋರಿಸಬೇಕಂತೆ.

"ಅಕ್ಕಾ, ಒಂದ ಚಲೋ ಜೋಡ ಮಾಡಿ ಕೊಡ್ರಿ. ನಿಮ್ಮ ಕೈಯಿಂದನ ಆಗ್ಬೇಕು."

ನಿನ್ನ ಕೈಯಾಗ ಕೌಶಲ ಐತೆಲ್ಲ, ನೀನ ಮಾಡ್ಕೊ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, "ಆತ ಬಿಡ," ಎಂದಳು.

ಪರೀಕ್ಷೆಯ ದಿನ ಹನ್ನೊಂದಕ್ಕೆ ಉಜ್ವಲಾ ಇಳಕಲ್ ಸೀರೆ ಉಟ್ಟು, ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಕೂತಳು. ಸಕ್ಕುಬಾಯಿ ತೊಗಲು ನೆನೆಹಾಕುವ ನೆಪದಲ್ಲಿ ಬಾಗಿಲಾಚೆ ನಿಂತಳು. ಮೊಬೈಲಿನಲ್ಲಿ ಸರ್ ಜೊತೆ ಇನ್ನಿಬ್ಬರಿದ್ದರು. ಅವರಲ್ಲಿ ಒಬ್ಬರಿಗಾದರೂ ತಪ್ಪು ಕಾಣಲಿ, ಮೇಡಂ ಮಾರಿ ಸಣ್ಣದಾಗಲಿ, ಅಷ್ಟೇ ಅವಳ ಆಸೆ.

ಉಜ್ವಲಾ ಚಪ್ಪಲಿ ಎತ್ತಿ ಹಿಡಿದಳು.

"ಬಹಳ ಚೆನ್ನಾಗಿದೆ," ಅಂದರು ಸರ್. ಉಳಿದಿಬ್ಬರೂ ತಲೆ ಆಡಿಸಿದರು. ಯಾರಿಗೂ ಏನೂ ಕಾಣಲಿಲ್ಲ. ಇಂಥವರ ಹೊಗಳಿಕೆಗೇ ತಾನು ಹದಿನೈದು ದಿನ ಉರಿದುಕೊಂಡದ್ದು ಎಂದು ಸಕ್ಕುಬಾಯಿಗೆ ತನ್ನ ಮೇಲೇ ಸಿಟ್ಟು ಬಂತು.

"ಸರ್, ಒಂದ ಮಾತ ಹೇಳೂದೈತ್ರಿ." ಉಜ್ವಲಾ ಚಪ್ಪಲಿ ಕೆಳಗಿಟ್ಟಳು. "ಅವತ್ತಿನ ವಿಡಿಯೋದಾಗಿನ ಕೈ ನನ್ನವಲ್ರಿ. ಹೇಳ್ಬೇಕಂದ್ರ ಎಲ್ಲಾರ ಮೈಕ್ ಬಂದ್ ಇಟ್ಟಿದ್ರಿ. ಆಮ್ಯಾಲ ನನಗೂ ಚಲೋ ಅನಿಸ್ತು, ಸುಮ್ನ ಆಗಿಬಿಟ್ಟೆ. ಅವು ನಮ್ಮ ಅಕ್ಕನ ಕೈ. ಈ ಜೋಡಾನೂ ಅವರದ. ಯೋಜನಾದ ಮೊದಲನೇ ಹಾಳಿ ಮ್ಯಾಲ ಹೆಸರ ನೋಡ್ರಿ, 'ಸಕ್ಕುಬಾಯಿ ಚಪ್ಪಲ್, ಅಥಣಿ' ಅಂತ ಬರದೀನ್ರಿ."

"ಹೌದಾ? ಅವರನ್ನು ಕರೆಯಿರಿ, ನೋಡೋಣ."

ಸಕ್ಕುಬಾಯಿಗೆ ಎಲ್ಲಿಗಾದರೂ ಓಡಿಹೋಗಬೇಕೆನಿಸಿತು. ಉಜ್ವಲಾ ಎದ್ದುಬಂದು ಒದ್ದೆ ಕೈಯನ್ನೇ ಹಿಡಿದು ಎಳೆದು ಕೂಡಿಸಿದಳು. ಈ ಸಲ ಮೊಬೈಲಿನಲ್ಲಿ ಅವಳ ಮುಖವಿತ್ತು, ಬೆವೆತ ಮುಖ.

"ನಮಸ್ಕಾರ ಅಮ್ಮ. ಈ ಜೋಡಿಯನ್ನು ನಮಗೆ ಕಳಿಸಿಕೊಡಿ. ನಿಮ್ಮ ಹೆಸರು ಬರೆದು ಗಾಜಿನ ಕಪಾಟಿನಲ್ಲಿ ಇಡುತ್ತೇವೆ. ಮುಂದೆ ಕಲಿಯುವವರು ನೋಡಲಿ."

ಮೂಲೆಯಲ್ಲಿದ್ದ ಸುಂದ್ರವ್ವ ಕೈ ಚಾಚಿ ಚಪ್ಪಲಿ ತರಿಸಿಕೊಂಡಳು. ಕಣ್ಣು ಮಂದವಾಗಿ ನಾಲ್ಕು ವರ್ಷ. ಹೆಣಿಗೆಯ ಮೇಲೆ ಬೆರಳಾಡಿಸಿದಳು. ಬೆರಳು ಬಲಗಾಲಿನ ಮೇಲೆ ನಿಂತಿತು. ಜೋಡನ್ನು ಹಿರಿಸೊಸೆಯ ಮುಂದೆ ನೆಲಕ್ಕಿಟ್ಟಳು. ಎಡಗಾಲಿನದು ಬಲಗಾಲಿನದನ್ನು ನೋಡುತ್ತಿತ್ತು. ಬಲಗಾಲಿನದು ಮಾರಿ ತಿರುವಿಕೊಂಡು ಕೂತಿತ್ತು.

"ಇದು ಬ್ಯಾಡ್ರಿ ಸಾಹೇಬ್ರ," ಅಂದಳು ಸಕ್ಕುಬಾಯಿ.

"ಯಾಕಮ್ಮ?"

"ಬಲಗಾಲಿಂದು ತಪ್ಪೈತ್ರಿ."

"ನಮಗೇನೂ ಕಾಣುತ್ತಿಲ್ಲವಲ್ಲ."

"ನಿಮಗ ಕಾಣೂದಿಲ್ರಿ. ಮ್ಯಾಲ ನನ್ನ ಹೆಸರ ಐತೆಲ್ರಿ, ಅದಕ್ಕ."

ಉಜ್ವಲಾ ಬಗ್ಗಿ ನೋಡಿದಳು. ಈ ಚಪ್ಪಲಿ, ಆ ಚಪ್ಪಲಿ, ಮತ್ತೆ ಈ ಚಪ್ಪಲಿ. "ನಿಮ್ಮ ಕೈ ಎಂದೂ ತಪ್ಪೂದಿಲ್ಲಲ್ರಿ ಅಕ್ಕಾ. ಹೆಂಗಾತು?"

ಸಕ್ಕುಬಾಯಿ ಬಲಗಾಲಿನದನ್ನು ಮಡಿಲಿಗೆ ಎಳೆದುಕೊಂಡು ಗಂಟು ಸಡಿಲಿಸಿದಳು. ಒಂದೊಂದೇ ಎಳೆ ಬಿಚ್ಚುತ್ತ ಬಂದು, ಒಂದರ ತುದಿಯನ್ನು ಉಜ್ವಲಾಳ ಕೈಗೆ ಕೊಟ್ಟಳು.

"ಬಿಗಿ ಹಿಡಿ. ಎಡಕ್ಕ."

ಮೊಬೈಲಿನಲ್ಲಿ ಮೂವರೂ ಕಾಯುತ್ತಿದ್ದರು. ಉಜ್ವಲಾ ಎಳೆಯ ತುದಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.