ಚರ್ಮ ಸುಲಿಯದ ಕುರಿ

ಮೂರನೆಯ ಕುರಿ ಸತ್ತ ಬೆಳಿಗ್ಗೆ ಕುರಿಗಾಹಿ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಸಿಟ್ಟು ಬಾಯಲ್ಲೇ ಕರಗುತ್ತಿತ್ತೆಂದು ಅವನಿಗೂ ಗೊತ್ತಿತ್ತು. ಆದರೆ ಅವನದು ಮೊದಲೇ ಮಾತು ಕಡಿಮೆ. ಊರಿನವರು ಇಟ್ಟ ಅಡ್ಡಹೆಸರೇ ಮೌನಪ್ಪ. ಸಿಟ್ಟು ಬಾಯಿಗೆ ಬರದೆ ಕೈಗೆ ಇಳಿದಿತ್ತು.

ದೊಡ್ಡಿಯ ಒಂದು ಮೂಲೆಯಲ್ಲಿ ಗಬ್ಬದ ಕುರಿ ಸತ್ತು ಬಿದ್ದಿತ್ತು. ಕುತ್ತಿಗೆಯ ಉಣ್ಣೆ ರಕ್ತಕ್ಕೆ ಅಂಟಿಕೊಂಡು ಗಟ್ಟಿಯಾಗಿತ್ತು. ಉಳಿದ ಇಪ್ಪತ್ತೊಂದು ಕುರಿಗಳು ಎದುರಿನ ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ಅವುಗಳಲ್ಲಿ ಅರ್ಧದಷ್ಟು ಇನ್ನು ಕೆಲವು ವಾರಗಳಲ್ಲಿ ಮರಿ ಹಾಕಬೇಕಿದ್ದವು. ತೋಳ ಹೀಗೇ ಬರುತ್ತಿದ್ದರೆ ಅಷ್ಟು ಹೊತ್ತಿಗೆ ದೊಡ್ಡಿಯೇ ಬರಿದು.

ಅವನು ಕಲ್ಲಿನ ಮೇಲೆ ಚೂರಿ ಮಸೆಯತೊಡಗಿದ. ಚರ್ಮ ಸುಲಿಯುವುದು, ಮಾಂಸಕ್ಕೆ ವಿಷ ಬೆರೆಸುವುದು, ತೋಳ ತಿಂದು ಸಾಯಲೆಂದು ದೊಡ್ಡಿಯ ಹಿಂದಿನ ಹಳ್ಳಕ್ಕೆ ಎಸೆಯುವುದು, ಇದು ಅವನ ಲೆಕ್ಕ. ವಿಷದ ಪೊಟ್ಟಣ ಅಂಗಿಯ ಜೇಬಿನಲ್ಲಿತ್ತು. ಸತ್ತದ್ದನ್ನೆಲ್ಲ ಅವನು ಎಸೆಯುತ್ತಿದ್ದದ್ದು ಆ ಹಳ್ಳಕ್ಕೇ.

ಅಷ್ಟರಲ್ಲಿ ಸ್ಕೂಟರ್ ಬಂದು ನಿಂತಿತು. ತಮ್ಮನ ಮಗಳು, ಪಶು ಆಸ್ಪತ್ರೆಯ ಸಹಾಯಕಿ. ಅವನ ಹೆಂಡತಿ ಫೋನು ಮಾಡಿ, ಪೊಟ್ಟಣದ ವಿಷಯ ಹೇಳಿ ಕರೆಸಿದ್ದಳು.

"ಚೂರಿ ಕೆಳಗಿಡಿ ದೊಡ್ಡಪ್ಪ."

"ಚರ್ಮ ಬಿರುಸಾಗೋದ್ರೊಳಗೆ ಸುಲೀಬೇಕು. ನಿನ್ನ ತಾತ ಹೇಳಿಕೊಟ್ಟದ್ದು."

"ತಾತ ಹೇಳಿದ್ದು ಸರಿ. ಆದ್ರೆ ತಾತ ತೋಳ ಕುರಿ ಕೊಂದಿದೆ ಅಂತ ಅರಣ್ಯ ಇಲಾಖೆಗೆ ಅರ್ಜಿ ಹಾಕಿರ್ಲಿಲ್ಲ."

ಅರ್ಜಿಯ ಮಾತು ಅವನನ್ನು ಚುಚ್ಚಿತು. "ಎರಡು ಸಲ ಕೊಟ್ಟೆ. ಎರಡು ಸಲವೂ ಆ ಸಾಹೇಬ ಬಂದ, ಒಣಗಿದ ಚರ್ಮ ನೋಡಿದ, ತಲೆ ಅಲ್ಲಾಡಿಸಿ ಹೋದ. ಸಾಕ್ಷಿ ಇಲ್ವಂತೆ. ತೋಳ ಬಂದು ಸಹಿ ಹಾಕ್ಬೇಕಿತ್ತೇನೋ."

"ಹಾಕಿತ್ತು. ನೀವೇ ಕೆರೆದು ಹಾಕಿದ್ರಿ."

ಅವಳು ಕೈಗವಸು ಹಾಕಿಕೊಂಡು ಕುರಿಯ ಪಕ್ಕ ಕೂತಳು. ಉಣ್ಣೆ ಬಿಡಿಸಿ ನಾಲ್ಕು ತೂತು ತೋರಿಸಿದಳು. "ತೂತು ಸತ್ತ ಮೇಲೆ ಕಚ್ಚಿದ್ರೂ ಬೀಳುತ್ತೆ. ಜೀವ ಇದ್ದಾಗ ಕಚ್ಚಿದ್ರೆ ಮಾತ್ರ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗೋದು. ಸಾಹೇಬರು ಹುಡುಕೋದು ಅದನ್ನ. ನೀವು ಚರ್ಮಕ್ಕೆ ಉಪ್ಪು ಹಚ್ಚಿ, ಮಾಂಸ ಹಳ್ಳಕ್ಕೆ ಎಸೆದು, ಆಮೇಲೆ ಬನ್ನಿ ನೋಡಿ ಅಂದ್ರೆ ಏನು ನೋಡ್ತಾರೆ? ಆ ಹಳ್ಳದ ಮಾಂಸವೋ, ತೋಳಾನ ನೀವೇ ಕರೆದು ಊಟಕ್ಕಿಟ್ಟ ಹಾಗೆ."

"ಸಾಕ್ಷಿ ಕೊಟ್ರೂ ಅಷ್ಟೇ. ಸರ್ಕಾರಕ್ಕೆ ಕುರಿಗಿಂತ ತೋಳ ಹೆಚ್ಚು."

"ತೋಳಾನ ಕೊಲ್ಲಲೇಬಾರ್ದು ಅಂತ ನಿಯಮದಲ್ಲಿಲ್ಲ ದೊಡ್ಡಪ್ಪ. ತೋಳವೇ ಕೊಂದದ್ದು ಅಂತ ದಾಖಲಾಗ್ಬೇಕು. ನಾವು ಬೇಲಿ ಭದ್ರ ಮಾಡಿರ್ಬೇಕು. ಅದನ್ನೂ ದಾಟಿ ಬಂದು ಕೊಂದ್ರೆ ಇಲಾಖೆಯ ಗುರಿಗಾರರೇ ಬಂದೂಕು ಹಿಡಿದು ಬರ್ತಾರೆ, ಆ ಒಂದು ತೋಳಕ್ಕೆ. ನಿಮ್ಮ ಜೇಬಲ್ಲಿರೋದಕ್ಕೆ ಯಾವ ತೋಳ ಅಂತ ಗೊತ್ತಾಗುತ್ತಾ? ಸಿಕ್ಕಿಬಿದ್ರೆ ಜೈಲು ಬೇರೆ."

ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು.

"ಮೊನ್ನೆ ಆ ಹಳ್ಳದಿಂದ ಮೂಳೆ ಕಚ್ಚಿಕೊಂಡು ಬಂದದ್ದು ಯಾರು?" ಎಂದಳು. "ತೋಳವಾ?"

ಮುದಿ ನಾಯಿ ಅವಳ ಕಾಲ ಬಳಿ ಮಲಗಿತ್ತು. ಹನ್ನೆರಡು ವರ್ಷ ದೊಡ್ಡಿ ಕಾದ ನಾಯಿ. ಅವನು ನೋಡಿದ್ದಕ್ಕೆ ಬಾಲ ಒಮ್ಮೆ ನೆಲಕ್ಕೆ ಬಡಿಯಿತು.

ಅವನು ಬಗ್ಗಿ ನಾಯಿಯ ತಲೆ ಸವರಿದ. ಆಮೇಲೆ ಪೊಟ್ಟಣ ತೆಗೆದು ತಮ್ಮನ ಮಗಳ ಕೈಗಿಟ್ಟ. "ಇಲಾಖೆಗೆ ಕೊಡು. ಇಲ್ಲೆಲ್ಲೂ ಚೆಲ್ಲಬೇಡ."

ಕುರಿಯ ಮೇಲೆ ಟಾರ್ಪಾಲು ಹೊದಿಸಿ, ಮೂಲೆಗಳಿಗೆ ಕಲ್ಲು ಹೇರಿ, ಪಕ್ಕದಲ್ಲೇ ಕೂತ. ಬಿಸಿಲೇರಿತು. ನೊಣಗಳು ಬಂದವು. ಕಣ್ಣೆದುರೇ ಒಂದು ಒಳ್ಳೆಯ ಚರ್ಮ ಹಾಳಾಗುತ್ತಿತ್ತು. ಎರಡು ಸಲ ಚೂರಿ ಎತ್ತಿಕೊಂಡ, ಎರಡು ಸಲವೂ ಕೆಳಗಿಟ್ಟ. ಕೊನೆಗೆ ಹೆಂಡತಿ ಚೂರಿಯನ್ನೇ ಒಳಗೆ ಒಯ್ದಳು.

ತಮ್ಮನ ಮಗಳು ತಿಳಿಸಿದ್ದಕ್ಕೆ ಮಧ್ಯಾಹ್ನ ಸಾಹೇಬ ಬಂದ. ಕುತ್ತಿಗೆಯ ಬಳಿ ಅಂಗೈಯಗಲ ಚರ್ಮ ಬಿಡಿಸಿದ. ಕೆಳಗೆ ಮಾಂಸ ಕಪ್ಪುಗಟ್ಟಿತ್ತು. ಈ ಸಲ ತಲೆ ಅಲ್ಲಾಡಿಸಲಿಲ್ಲ, ಬರೆದುಕೊಂಡ.

"ತೋಳವೇ. ಬೇಲಿ ಎಷ್ಟೆತ್ತರ?"

"ಸೊಂಟದೆತ್ತರ."

"ಅದು ನಿಮಗೆ ಬೇಲಿ ಯಜಮಾನರೇ. ತೋಳಕ್ಕೆ ಹೊಸ್ತಿಲು."

ಕುರಿಯನ್ನು ಆಳವಾಗಿ ಹೂತರು. ಹಳ್ಳವನ್ನು ಬಳಿದು ಚೊಕ್ಕಟ ಮಾಡಿದರು. ನಾಲ್ಕು ದಿನ ಗಂಡ ಹೆಂಡತಿ ಗುಂಡಿ ತೋಡಿ, ಕಂಬ ನೆಟ್ಟು, ಆಳೆತ್ತರಕ್ಕೂ ಮೇಲೆ ತಂತಿಬಲೆ ಬಿಗಿದರು. ತೋಳ ಅಡಿಯಿಂದ ತೋಡದಂತೆ ಬಲೆಯ ಅಂಚನ್ನು ಹೊರಕ್ಕೆ ಬಾಗಿಸಿ ಮಣ್ಣಲ್ಲಿ ಹೂತರು. ರಜೆಯ ದಿನ ತಮ್ಮನ ಮಗಳೂ ಬಂದು ತಂತಿ ಎಳೆದಳು. "ನಿಯಮ ಹೇಳೋದು ಸುಲಭ, ತಂತಿ ಎಳಿ ಗೊತ್ತಾಗುತ್ತೆ," ಎಂದು ದೊಡ್ಡಮ್ಮ ಅವಳನ್ನು ರೇಗಿಸಿದಳು.

ಬೇಲಿ ಮುಗಿದ ಒಂಬತ್ತನೆಯ ಬೆಳಿಗ್ಗೆ ಅದರ ಹೊರಗೆ ಹಸಿ ಮಣ್ಣಿನಲ್ಲಿ ಹೆಜ್ಜೆಗಳಿದ್ದವು. ದೊಡ್ಡಿಯನ್ನು ಪೂರ್ತಿ ಸುತ್ತಿ, ಒಂದು ಕಡೆ ಮಣ್ಣು ಕೆದರಿ, ಮತ್ತೆ ಸುತ್ತಿ, ಗುಡ್ಡದ ಕಡೆ ಹೋಗಿದ್ದವು. ಅವನು ಒಳಗೆ ನೋಡಿದ. ನಿಧಾನವಾಗಿ ಎಣಿಸಿದ. ಫೋನು ಮಾಡಿದ.

"ಬಂದಿತ್ತು. ಬೇಲಿ ಹೊರಗೆ ಹೆಜ್ಜೆ ಇದೆ."

"ಕುರಿ?"

"ಇಪ್ಪತ್ತೊಂದೂ ಇವೆ."

ಆ ಕಡೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ದೊಡ್ಡಪ್ಪ, ಆ ಹೆಜ್ಜೆ..."

"ಗೊತ್ತು," ಎಂದ. ತುಳಿಯದಂತೆ ದಾಟಿ ಹೋಗಿ, ಎಲ್ಲಕ್ಕಿಂತ ಸ್ಪಷ್ಟವಾಗಿದ್ದ ಹೆಜ್ಜೆಯ ಮೇಲೆ ಬಕೆಟ್ಟು ಬೋರಲು ಹಾಕಿದ. "ಸಾಹೇಬರಿಗೆ ಬರೋಕೆ ಹೇಳು. ಸಹಿ ಹಾಗೇ ಇದೆ."

ಕುರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದನ್ನು ವಿಷದ ಕೈಗೆ ಕೊಡಬೇಡಿ. ಅದು ನಿಮ್ಮ ನಾಯಿಯನ್ನೂ ಬಿಡದು, ಹಳ್ಳದ ನೀರನ್ನೂ ಬಿಡದು. ಕಾಡುಪ್ರಾಣಿ ಕುರಿ ಕೊಂದರೆ ಸುಲಿಯಬೇಡಿ, ಎಳೆಯಬೇಡಿ, ಟಾರ್ಪಾಲು ಹೊದಿಸಿ ಅಂದೇ ಇಲಾಖೆಗೆ ತಿಳಿಸಿ. ಅಂಥ ಪ್ರಾಣಿಯನ್ನು ಯಾವಾಗ ಕೊಲ್ಲಬಹುದು, ಯಾರು ಕೊಲ್ಲಬಹುದು ಎಂದು ನಿಮ್ಮ ಭಾಗದ ಕಚೇರಿಗೆ ಹೋಗಿ ಕೇಳಿ, ಉತ್ತರ ಸಿಗುವ ತನಕ ಕೇಳಿ. ಇವತ್ತು ಸಂಜೆ ಕುರಿಗಳನ್ನು ಕೂಡಿ ಹಾಕುವ ಮುಂಚೆ ನಿಮ್ಮ ಬೇಲಿಯ ಪಕ್ಕ ಒಮ್ಮೆ ನಿಂತು ನೋಡಿ. ಅದು ಸೊಂಟದೆತ್ತರವಿದ್ದರೆ ಕೆಲಸ ಅಲ್ಲಿಂದಲೇ ಶುರು ಮಾಡಿ.