ಹೊಲಿದಿಟ್ಟ ಬಟ್ಟೆ

ಆಶ್ರಯಮನೆಯಲ್ಲಿ ಕೊನೆಗೂ ಒಂದು ಮಂಚ ಖಾಲಿಯಾಯಿತು. ಮೇಲ್ವಿಚಾರಕಿ ಎದ್ದೆನೋ ಬಿದ್ದೆನೋ ಎಂದು ಫೋನಿನತ್ತ ಓಡಿದಳು. ಗಂಡನ ಏಟು ತಿಂದು ಹಣ್ಣಾದ ಹೆಂಗಸೊಬ್ಬಳು ವಾರಗಟ್ಟಲೆಯಿಂದ ಜೀವ ಕೈಯಲ್ಲಿ ಹಿಡಿದು ಈ ಕರೆಗಾಗಿ ಕಾಯುತ್ತಿದ್ದಳು. ಜಾಗವಾದ ದಿನ ಟೈಲರ್ ಅಂಗಡಿಯವರಂತೆ ಫೋನ್ ಮಾಡುತ್ತೇವೆ ಎಂದಾಗ ಬರೀ ಹೂಂ ಎಂದಿದ್ದಳು. ಗಂಡಂದಿರಿಗೆ ಅನುಮಾನ ಬರಬಾರದೆಂದು ಅಲ್ಲಿ ಎಲ್ಲ ಹೆಂಗಸರಿಗೂ ಅದೊಂದೇ ಮಾತು. ಬದಲಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಹಾಳು ಸೋಮಾರಿತನ.

ಆ ಹೆಂಗಸಿನ ಮನೆಗಿದ್ದದ್ದು ಒಂದೇ ಫೋನು. ಎತ್ತಿದವನು ಗಂಡ.

"ಟೈಲರ್ ಅಂಗಡಿಯಿಂದ ಅಣ್ಣಾ. ಅಕ್ಕನ ಬಟ್ಟೆ ರೆಡಿಯಾಗಿದೆ, ಬಂದು ತಗೊಂಡು ಹೋಗೋಕೆ ಹೇಳಿ."

ಆ ಕಡೆ ಹಿಂದೆಲ್ಲೋ ಕಟಕಟ ಸದ್ದು. ಆ ಹೆಂಗಸು ಮೊದಲ ಸಲ ಫೋನ್ ಮಾಡಿ ಪಿಸುಗುಟ್ಟಿದಾಗಲೂ ಇದೇ ಸದ್ದಿತ್ತು. ತನ್ನ ಮಾತು ಹೊರಗೆ ಕೇಳದಿರಲೆಂದು ಅವಳು ಹೊಲಿಗೆ ಮಿಷನ್ ತುಳಿಯುತ್ತಲೇ ಮಾತಾಡಿದ್ದಳೆಂದು ಮೇಲ್ವಿಚಾರಕಿಗೆ ಈಗ ಹೊಳೆಯಿತು.

"ಬೀದಿಯವರ ಬಟ್ಟೆಯೆಲ್ಲ ಹೊಲಿಯೋಳು ನನ್ನ ಹೆಂಡ್ತಿ," ಎಂದ ಅವನು ಮೆಲ್ಲಗೆ. "ಅವಳ ಬಟ್ಟೆ ಹೊಲಿಯೋಕೆ ನೀನ್ಯಾರಮ್ಮ?"

ಮೇಲ್ವಿಚಾರಕಿ ಬಾಯಿ ತೆರೆಯುವ ಮೊದಲೇ, ಅವನ ಹಿಂದೆ ಓಡುತ್ತಿದ್ದ ಮಿಷನ್ ನಿಂತಿತು.