ಹೊಸ್ತಿಲ ರತ್ನಗಂಬಳಿ

ಕಿರಾಜ್ ಮುದುಕಿ ಮೂರನೆಯ ತಂಬಿಗೆ ನೀರನ್ನು ಹೆಣದ ಬಲಭುಜದ ಮೇಲೆ ಹೊಯ್ಯುತ್ತಿದ್ದಾಗ, ಪರದೆಯ ಆಚೆ ಸತ್ತವಳ ಮಗನಿಗೂ ಮಗಳಿಗೂ ಜಗಳ ಹತ್ತಿಕೊಂಡಿತು.

"ಅದನ್ನ ಅಮ್ಮನ ಶವಪೆಟ್ಟಿಗೆ ಮೇಲೆ ಹೊದಿಸ್ತೀಯಾ? ನಾಯಿ ಕೂಡ ಮಲಗಲ್ಲ ಅದರ ಮೇಲೆ!" ಎಂದಳು ಮಗಳು ನೆರ್ಮಿನ್. ಬೆಳಗಿನ ಬಸ್ಸಿಗೆ ದೂರದ ನಗರ ಇಜ್ಮಿರ್‌ನಿಂದ ಬಂದಿದ್ದಳು.

"ಅಮ್ಮನ ಮಾತು ಅಕ್ಕ. ನಲವತ್ತು ದಿನದ ಹಿಂದೆ ನನ್ನ ಕೈ ಹಿಡ್ಕೊಂಡು ಹೇಳಿದ್ಳು. 'ಹೊಸ್ತಿಲ ಕಾರ್ಪೆಟ್ ತೊಳೆಸು. ಒಂದೊಂದು ಹೂವೂ ಕಾಣೋ ಹಾಗೆ ತೊಳೆಸು. ಅದನ್ನೇ ನನಗೆ ಹೊದಿಸಿ, ಕಿರಾಜ್ ಕೈಯಲ್ಲೇ ಹೊದಿಸಿ' ಅಂತ," ಎಂದ ರೆಜೆಪ್.

"ನಲವತ್ತು ದಿನ ಏನು ಕಡಿತಿದ್ದೆ?"

"ಇಷ್ಟು ಬೇಗ ಸಾಯ್ತಾಳೆ ಅಂತ ಯಾರಿಗೆ ಗೊತ್ತಿತ್ತು?"

"ಎಂಬತ್ತರ ಹತ್ತಿರದೋಳು ಇನ್ನೇನು ಮಾಡ್ತಾಳೆ, ಮದುವೆ ಆಗ್ತಾಳಾ?"

ಒಳಗೆ ಕಿರಾಜಳ ಕೈಯ ತಂಬಿಗೆ ನಡುವೆಯೇ ನಿಂತಿತು. ನೀರು ಹಿಡಿದ ಹೆಂಗಸು, "ಯಾಕೆ ಚಿಕ್ಕಮ್ಮ, ಬಿಸಿ ಹೆಚ್ಚಾಯ್ತಾ?" ಎಂದು ಕೇಳಿದಳು. ಕಿರಾಜ್ ಸತ್ತ ಗೆಳತಿ ಜೆಲಿಹಾಳ ಮುಖ ನೋಡಿದಳು. ಗಲ್ಲಕ್ಕೆ ಬಟ್ಟೆ ಕಟ್ಟಿದ್ದರೂ ಬಾಯಿಯ ಒಂದು ಮೂಲೆ ಸ್ವಲ್ಪ ಮೇಲೆದ್ದಿತ್ತು. ಕಿರಾಜ್ ಅದನ್ನು ಹೆಬ್ಬೆರಳಿನಿಂದ ಒತ್ತಿ ಕೆಳಗೆ ಮಾಡಿದಳು. ಬೆರಳು ತೆಗೆದೊಡನೆ ಅದು ಮತ್ತೆ ಮೇಲೆದ್ದಿತು.

ಆ ಬೆಟ್ಟದ ಊರುಗಳಲ್ಲಿ ಹೆಣ್ಣು ಮದುವೆಗೆ ಮೊದಲೇ ತನ್ನ ಸಾವಿನ ರತ್ನಗಂಬಳಿಯನ್ನು ತಾನೇ ನೇಯ್ದಿಡಬೇಕು. ಸತ್ತ ದಿನ ಅದನ್ನು ಶವಪೆಟ್ಟಿಗೆಗೆ ಹೊದಿಸಿ, ಮಣ್ಣಾದ ಮೇಲೆ ಮಸೀದಿಗೆ ಕೊಡುತ್ತಾರೆ. ಅಲ್ಲಿಯವರೆಗೆ ಯಾರೂ ಅದನ್ನು ತುಳಿಯುವುದಿಲ್ಲ. ಜೆಲಿಹಾ ಒಬ್ಬಳು ಮಾತ್ರ ತನ್ನದನ್ನು ಹೊಸ್ತಿಲಲ್ಲಿ ಹಾಸಿ, ಐವತ್ತೆಂಟು ವರ್ಷ ಮನೆಯವರು, ಊರವರು, ಕುರಿಮರಿ ಎಲ್ಲರ ಕಾಲನ್ನೂ ಅದರ ಮೇಲೆ ಒರೆಸಿಸಿದಳು. ಯಾಕೆಂದು ಊರು ಕೇಳಿ ಕೇಳಿ ಸಾಕಾಗಿ ಬಿಟ್ಟಿತ್ತು.

ಕಿರಾಜ್ ಹೆಣಕ್ಕೆ ಕಫನ್ ಬಟ್ಟೆ ಸುತ್ತಿ, ತಲೆವಸ್ತ್ರದ ತುದಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಪೇಟೆಯಿಂದ ಕಾರ್ಪೆಟ್ ತೊಳೆಯುವ ಇಲ್ಯಾಸ್ ವ್ಯಾನು ತಂದು ನಿಲ್ಲಿಸಿದ್ದ.

*

ಆಗ ಕಿರಾಜ್, ಜೆಲಿಹಾ ಇಬ್ಬರೂ ಹದಿನಾರರ ಹುಡುಗಿಯರು. ಕಿರಾಜಳ ತಾಯಿಯ ಮಗ್ಗದಲ್ಲಿ ಒಬ್ಬಳಾದ ಮೇಲೆ ಒಬ್ಬಳು ಸಾವಿನ ರತ್ನಗಂಬಳಿ ನೇಯ್ದರು, ಒಂದೇ ಮಾದರಿ, ಒಂದೇ ಬಣ್ಣದ ಉಣ್ಣೆ. ಜೆಲಿಹಾಳ ಗಂಟು ಅಕ್ಕಿಕಾಳಿನ ಹಾಗೆ ಒಂದೇ ಸಮ. ಕಿರಾಜಳ ಕೈ ನಿಧಾನ. ಅವಳು ತನ್ನದರ ಅಂಚಿನಲ್ಲಿ ಒಂದು ಕೆಂಪು ಹೂವನ್ನು ತಲೆಕೆಳಗಾಗಿ ನೇಯ್ದುಬಿಟ್ಟಳು. ಹತ್ತು ಸಾಲು ಮುಂದೆ ಹೋದ ಮೇಲೆ ಗೊತ್ತಾಯಿತು.

"ಅಯ್ಯೋ, ನೀನು ಸತ್ತು ಕಾಲು ಮೇಲೆ ಮಾಡಿಕೊಂಡು ಸ್ವರ್ಗಕ್ಕೆ ಹೋಗ್ತೀಯ ಕಣೇ!" ಎಂದು ಜೆಲಿಹಾ ಬಿದ್ದು ಬಿದ್ದು ನಕ್ಕಳು. "ಬಿಚ್ಚು, ನಾನು ಹಾಕಿಕೊಡ್ತೀನಿ."

"ಬೇಡ," ಎಂದಳು ಕಿರಾಜ್.

ಜೆಲಿಹಾಳ ಮದುವೆ ಮೊದಲು ಆಯಿತು. ಗಂಡನ ತಂದೆ ಜೂಜುಕೋರ, ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಮಾರುತ್ತಿದ್ದ. ಅವಳು ಒಂದು ಸಂಜೆ ತನ್ನ ರತ್ನಗಂಬಳಿಯನ್ನು ಕಟ್ಟಿಕೊಂಡು ಬಂದು, "ನಿನ್ನ ಬಟ್ಟೆ ಪೆಟ್ಟಿಗೆಯಲ್ಲಿ ಇಟ್ಟಿರು, ಆ ಮುದುಕ ಸಾಯೋವರೆಗೂ," ಎಂದಳು. ಮುದುಕ ಮೂರು ವರ್ಷಕ್ಕೆ ಸತ್ತ. ಜೆಲಿಹಾ ಬಂದಳು. ಕಿರಾಜ್ ಒಳಗೆ ಹೋದಳು. ಪೆಟ್ಟಿಗೆಯಲ್ಲಿ ಎರಡೂ ಒಂದರ ಮೇಲೊಂದು ಮಡಿಸಿದ್ದವು. ಜೆಲಿಹಾಳದರ ಸಮವಾದ ಗಂಟುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ತನ್ನದನ್ನು ತೆಗೆದು, ಹೂವಿನ ಅಂಚು ಒಳಗೆ ಹೋಗುವಂತೆ ಮಡಿಸಿ, ಹಗ್ಗ ಬಿಗಿದು ಕೊಟ್ಟಳು.

ಮರುದಿನ ಮಳೆ ಬಂದು ಬೀದಿಯೆಲ್ಲ ಕೆಸರಾಗಿತ್ತು. ನೀರಿಗೆ ಹೋಗುತ್ತಿದ್ದ ಕಿರಾಜ್ ಜೆಲಿಹಾಳ ಮನೆಯ ಮುಂದೆ ನಿಂತುಬಿಟ್ಟಳು. ಹೊಸ್ತಿಲಲ್ಲಿ ಅದು ಹಾಸಿತ್ತು. ತಲೆಕೆಳಗಾದ ಹೂ ಬೀದಿಯ ಕಡೆಗೇ ಇತ್ತು.

ಜೆಲಿಹಾ ಬಾಗಿಲಿಗೆ ಬಂದು ನಗುತ್ತ ಕರೆದಳು: "ಬಾರೇ ಕಿರಾಜ್. ಕಾಲು ಚೆನ್ನಾಗಿ ಒರೆಸ್ಕೊಂಡು ಒಳಗೆ ಬಾ."

ಅದರ ಬಗ್ಗೆ ಆಡಿದ ಮಾತು ಅಷ್ಟೇ. ಒಬ್ಬಳ ಹೆರಿಗೆಗೆ ಇನ್ನೊಬ್ಬಳು ಹೋದಳು, ಕಿರಾಜಳ ಕೂಸುಗಳು ಸತ್ತಾಗ ಜೆಲಿಹಾ ಏಳು ದಿನ ಅಡುಗೆ ಹೊತ್ತು ತಂದಳು. ಆದರೆ ಕಿರಾಜ್ ಮನೆಗೆ ಬಂದಾಗಲೆಲ್ಲ, ಐವತ್ತೆಂಟು ವರ್ಷ, ಬಾಗಿಲಲ್ಲಿ ಅದೇ ಮಾತು: ಕಾಲು ಚೆನ್ನಾಗಿ ಒರೆಸ್ಕೊಂಡು ಬಾ.

*

ಇಲ್ಯಾಸ್ ರತ್ನಗಂಬಳಿಯನ್ನು ಅಂಗಳಕ್ಕೆ ಎಳೆದು, ಹಿಂಬದಿ ಮೇಲೆ ಮಾಡಿ, ಅಂಗೈಯಿಂದ ಬಡಿದ. ಮಣ್ಣು ಹಿಟ್ಟಿನಂತೆ ಸುರಿಯಿತು. ಮತ್ತೆ ಮಗುಚಿದಾಗ ನಡುವೆ ಉಣ್ಣೆಯೆಲ್ಲ ಸವೆದು ನೂಲು ಬೋಳಾಗಿ ಕಾಣುತ್ತಿತ್ತು. ಅಂಚುಗಳಲ್ಲಿ ಕಪ್ಪು ಕೊಳೆ ಕರೆಗಟ್ಟಿತ್ತು.

"ಸಂಜೆ ನಮಾಜಿಗೆ ಮಣ್ಣು," ಎಂದ ರೆಜೆಪ್. "ಅಷ್ಟರಲ್ಲಿ ಆಗುತ್ತಾ? ತೊಳೆಯೋಕೆ ಯೋಗ್ಯವಾ ಇದು?"

"ಸರಿಯಾಗಿ ತೊಳೆದು ಒಣಗಿಸೋಕೆ ಮೂರು ದಿನ ಬೇಕು. ಮೇಲ್ಮೇಲೆ ಅಂದ್ರೆ ಎರಡು ಗಂಟೆ. ಹಸಿಯಾಗೇ ಹೊದಿಸಬೇಕಾಗುತ್ತೆ."

"ಚಿಕ್ಕಮ್ಮನ್ನ ಕೇಳಿ," ಎಂದಳು ನೆರ್ಮಿನ್. "ಅಮ್ಮನ ಜೊತೆ ನೇಯ್ದೋಳು ಅವಳು. ಅವಳು ಹೇಳಿದ ಹಾಗೇ ಆಗಲಿ."

ಎಲ್ಲರೂ ತಿರುಗಿದರು.

"ಸತ್ತಿದೆ ಅದು," ಎಂದಳು ಕಿರಾಜ್. "ಆ ಕೊಳೆಯೇ ಅದನ್ನ ಹಿಡಿದಿರೋದು. ತೊಳೆದ್ರೆ ಕೈಗೆ ನಾಲ್ಕು ದಾರ ಬರುತ್ತೆ. ಸುಡಿ ಅದನ್ನ."

ಇಲ್ಯಾಸ್ ಮೂಲೆ ಮಡಿಸಿ ಕಿವಿಯ ಹತ್ತಿರ ಹಿಡಿದು ಹಿಂಡಿದ. "ಇಲ್ಲ ಅಜ್ಜಿ. ನೂಲು ಕೊಳೆತು ಲಡ್ಡಾಗಿದ್ರೆ ಪಟಪಟ ಅನ್ನಬೇಕಿತ್ತು. ಬುನಾದಿಯ ಹತ್ತಿನೂಲು ಗಟ್ಟಿ ಇದೆ. ತುಳಿಯೋ ಕಾರ್ಪೆಟ್ಟನ್ನ ನುಸಿ ಮುಟ್ಟಲ್ಲ. ಪೆಟ್ಟಿಗೆಯಲ್ಲಿ ಜೋಪಾನ ಮಾಡ್ತಾರಲ್ಲ, ಅವೇ ಹೋಗೋದು."

"ನಿನಗೆ ಬೆಳಗಿನ ಬೋಣಿ ಬೇಕು, ಅದಕ್ಕೆ ಹೇಳ್ತೀಯ."

"ಹೆಣದ ಮನೆಯಲ್ಲಿ ಬೋಣಿ ಕೇಳೋ ಜಾತಿ ಅಲ್ಲ ನಾನು," ಎಂದು ಇಲ್ಯಾಸ್ ಮುಖ ಗಂಟಿಕ್ಕಿದ. "ಒಂದು ಅಂಗೈ ಅಗಲ ತೊಳೆದು ತೋರಿಸ್ತೀನಿ. ನೀವೇ ನೋಡಿ."

"ಬೇಡ!" ಎಂದಳು ಕಿರಾಜ್. ದನಿ ದೊಡ್ಡದಾಯಿತು. ಇಲ್ಯಾಸ್ ಆಗಲೇ ಸಾಬೂನು ನೀರು ಚೆಲ್ಲಿ ಬ್ರಶ್ಶು ಊರಿದ್ದ. ಅವನಿಗೆ ಹತ್ತಿರ ಸಿಕ್ಕಿದ್ದು ಹೊಸ್ತಿಲಲ್ಲಿ ಬೀದಿಯ ಕಡೆಗಿದ್ದ ಅಂಚು. ಕಪ್ಪು ನೀರು ಹರಿಯಿತು, ಆಮೇಲೆ ಕಂದು, ಆಮೇಲೆ ತಿಳಿ. ನೆನೆದ ನೂಲಿನ ನಡುವೆ ಕೆಂಪು ಹೊರಟಿತು.

"ಅರೆ," ಎಂದು ನೆರ್ಮಿನ್ ಬಗ್ಗಿದಳು. "ಈ ಹೂ ತಲೆಕೆಳಗಾಗಿದೆ."

ರೆಜೆಪ್ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಅಮ್ಮ ಗುಡಿಸುವಾಗ ಈ ಜಾಗ ಮುಟ್ಟಿ ನಗ್ತಿದ್ಳು. 'ಇದನ್ನ ನೇಯ್ದ ಕೈ ನನಗೆ ಗೊತ್ತು' ಅಂತಿದ್ಳು. ಯಾಕೆ ಚಿಕ್ಕಮ್ಮ ಹಾಗಂತಿದ್ದಿದ್ದು?"

ಕಿರಾಜ್ ಪರದೆಯ ಕಡೆ ನೋಡಿದಳು. ಅದರ ಹಿಂದೆ ಜೆಲಿಹಾ ಬೆಳ್ಳಗೆ ಸುತ್ತಿಕೊಂಡು ಮಲಗಿದ್ದಳು.

"ನಿಮ್ಮಮ್ಮನ ಕೈ ತಪ್ಪಿತ್ತು," ಎಂದಳು. "ನಾನು ಬಿಚ್ಚು ಅಂದೆ. ಕೇಳಲಿಲ್ಲ. ನಾಚಿಕೆಗೆ ಹೊಸ್ತಿಲಲ್ಲಿ ಹಾಕಿದ್ಳು."

"ಅಮ್ಮನ ಕೈಯಾ?" ಎಂದ ರೆಜೆಪ್. "ಅವಳ ಗಂಟು ನೋಡೋಕೆ ಪೇಟೆಯಿಂದ ವ್ಯಾಪಾರಿಗಳು ಬರ್ತಿದ್ರು!"

"ಯಾರ ಕೈ ತಪ್ಪಲ್ಲಪ್ಪ?"

ನೆರ್ಮಿನ್ ಎದ್ದು ನಿಂತು ಲಂಗ ಕೊಡವಿಕೊಂಡಳು. "ಮುಗೀತಲ್ಲ. ಅವಳ ತಪ್ಪನ್ನ ಅವಳ ತಲೆ ಮೇಲೇ ಹೊರಿಸಿ ಊರು ಸುತ್ತಿಸೋದು ಬೇಡ. ತೆಗಿ ಅದನ್ನ." ಆಮೇಲೆ ದನಿ ಮೆತ್ತಗೆ ಮಾಡಿ, "ಚಿಕ್ಕಮ್ಮ, ನಿನ್ನದು ಹೊಸದರ ಹಾಗೇ ಇದೆಯಂತೆ. ಎರಡೂ ಒಂದೇ ಮಾದರಿ ಅಂತಾರೆ. ಅಮ್ಮನಿಗೆ ಅದನ್ನೇ ಹೊದಿಸಿದ್ರೆ? ನಿನಗೆ ನಾನು ಇಜ್ಮಿರ್‌ನಿಂದ ಒಳ್ಳೆಯದು ಕಳಿಸ್ತೀನಿ."

ಕೊಡಬಹುದಿತ್ತು. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಹತ್ತು ಮನೆ ದಾಟಿ ಹೋಗಿ ತಂದರೆ, ಯಾರದು ಯಾರಿಗೋ ಅವರಿಗೆ ಸೇರುತ್ತಿತ್ತು.

"ಅದು ನನ್ನ ಹೆಣಕ್ಕೆ," ಎಂದಳು ಕಿರಾಜ್.

"ಜೊತೆಗಾತಿ ಅಂದ್ರೆ ಹೀಗಿರಬೇಕು," ಎಂದು ನೆರ್ಮಿನ್ ಮುಖ ತಿರುಗಿಸಿಕೊಂಡು ಹೋದಳು.

*

ಶವಪೆಟ್ಟಿಗೆಗೆ ಮಸೀದಿಯ ಹಸಿರು ಬಟ್ಟೆ ಹೊದಿಸಿದರು. ತಲೆಯ ಕಡೆ ಅವಳ ಹಳೆಯ ತಲೆವಸ್ತ್ರ ಇಟ್ಟರು. ಇಮಾಮರು ಅಂಗಳದಲ್ಲಿ ನಿಂತು ಕೇಳಿದರು:

"ಈಕೆಯನ್ನು ಹೇಗೆ ಬಲ್ಲಿರಿ?"

"ಒಳ್ಳೆಯವಳೆಂದು ಬಲ್ಲೆವು."

"ಈಕೆಯ ಮೇಲೆ ನಿಮಗಿರುವ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿರಾ?"

"ಬಿಟ್ಟುಕೊಟ್ಟೆವು."

ಮೂರು ಸಲ ಕೇಳಿದರು. ಮೂರು ಸಲವೂ ಗೋಡೆಯ ಪಕ್ಕ ನಿಂತ ಹೆಂಗಸರಲ್ಲಿ ಕಿರಾಜಳ ದನಿಯೇ ಎಲ್ಲರಿಗಿಂತ ಮೇಲಿತ್ತು. ಸತ್ತವಳನ್ನು ಯಾರೂ ಏನೂ ಕೇಳಲಿಲ್ಲ. ಹಾಗೆ ಕೇಳುವ ಪದ್ಧತಿ ಇಲ್ಲ.

ಗಂಡಸರು ಗೋರಿಯ ಮಣ್ಣು ಮೆತ್ತಿದ ಕಾಲಿನಲ್ಲಿ ಹಿಂದಿರುಗುವ ಹೊತ್ತಿಗೆ ಯಾರೋ ರತ್ನಗಂಬಳಿಯನ್ನು ಮತ್ತೆ ಹೊಸ್ತಿಲಿಗೇ ಎಳೆದು ಹಾಕಿದ್ದರು. ಒಬ್ಬೊಬ್ಬರೇ ಕಾಲು ಒರೆಸಿಕೊಂಡು ಸಾವಿನ ಮನೆಯ ಹಲ್ವಾ ತಿನ್ನಲು ಒಳಗೆ ಹೋದರು. ತೊಳೆದಿದ್ದ ಅಂಗೈ ಅಗಲದ ಕೆಂಪು ಮುಚ್ಚಿಹೋಗುವುದನ್ನು ಕಿರಾಜ್ ಕಣ್ಣಾರೆ ನೋಡಿದಳು. ಹಲ್ವಾ ಮುಟ್ಟದೆ ಹೊರಟಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಪ್ರತಿ ವರ್ಷ ಚಳಿಗೆ ಮೊದಲು ಪೆಟ್ಟಿಗೆಯ ಮುಚ್ಚಳ ಎತ್ತಿ, ನುಸಿ ಬರದಿರಲೆಂದು ಹೊಸ ಅಕ್ರೋಟದ ಎಲೆ ಹರಡಿ ಮುಚ್ಚುತ್ತಿದ್ದಳೇ ಹೊರತು ಮಡಿಕೆಯನ್ನು ಅವಳು ಒಮ್ಮೆಯೂ ಬಿಚ್ಚಿರಲಿಲ್ಲ. ಈಗ ಎಲೆಗಳನ್ನು ಎರಡು ಕೈಯಲ್ಲಿ ಬಾಚಿ ಹೊರಗೆ ಹಾಕಿದಳು. ಮೇಲಿನ ಮಡಿಕೆ ಕೆಂಪಗೆ, ಹೊಸದಾಗಿ, ನೇಯ್ದ ದಿನದ ಹಾಗೆಯೇ ಇತ್ತು. ಅದರ ಅಂಚು ಹಿಡಿದು ಎತ್ತಿದಳು.

ಹೂಗಳು ಮೇಲೆ ಬರಲಿಲ್ಲ. ಅವು ಪೆಟ್ಟಿಗೆಯ ತಳದಲ್ಲಿ ಹೊಟ್ಟಿನ ಹಾಗೆ ಉಳಿದವು. ಸಣ್ಣ ಬಿಳಿ ನುಸಿಗಳು ಎದ್ದು ಅವಳ ಮುಖದ ಸುತ್ತ ಹಾರಿದವು. ಕೈಯಲ್ಲಿ ಉದ್ದಕ್ಕೆ ಇಳಿಬಿದ್ದಿದ್ದು ಬರೀ ನೂಲು, ಇನ್ನೂ ಒಂದು ಗಂಟೂ ಹಾಕದೆ, ಮಗ್ಗಕ್ಕೆ ಆಗತಾನೇ ಕಟ್ಟಿದ ಹಾಗೆ.